‘ನಾಯಿಮರಿ ಮಾರಾಟಕ್ಕಿದೆ’ ಎಂದು ಫಾರ್ವರ್ಡ್ ಮಾಡುವ ಮುನ್ನ: ಹುಟ್ಟಿಸಿದವರ ಹೊಣೆ ಎಲ್ಲಿಯವರೆಗೆ?

ಈ ಮೆಸೇಜು ನಿಮ್ಮ ಯಾವುದಾದರೂ ಒಂದು ಗ್ರೂಪಿಗೆ ಬಂದೇ ಇರುತ್ತದೆ: ‘ಪ್ಯೂರ್ ಲ್ಯಾಬ್ರಡಾರ್ ಮರಿಗಳು. 35 ದಿನ. ಹೆವಿ ಬೋನ್. ಕೆಸಿಐ ಪೇಪರ್ ಇದೆ. ವ್ಯಾಕ್ಸಿನ್ ಕಂಪ್ಲೀಟ್. ಎರಡೇ ಉಳಿದಿವೆ. ಬೇಕಾದವರು ಬೇಗ ಕಾಲ್ ಮಾಡಿ, ಬೇಡದವರು ಐದು ಗ್ರೂಪಿಗೆ ಕಳಿಸಿ.’ ಜೊತೆಗೆ ಚಾಪೆಯ ಮೇಲೆ ಕೂತ ಮುದ್ದಾದ ಮರಿಯ ಫೋಟೋ.

ಏಳೆಂಟು ತಿಂಗಳು ಕಳೆದ ಮೇಲೆ ಬರುವ ಇನ್ನೊಂದು ಮೆಸೇಜೂ ನಿಮಗೆ ಗೊತ್ತು: ‘ಅರ್ಜೆಂಟ್. ಒಂಬತ್ತು ತಿಂಗಳ ಲ್ಯಾಬ್, ಉಚಿತ. ಮನೆ ಬದಲಾಯಿಸುತ್ತಿದ್ದೇವೆ, ಓನರ್ ಒಪ್ಪುತ್ತಿಲ್ಲ. ಒಳ್ಳೆಯ ಮನೆ ಇದ್ದರೆ ತಿಳಿಸಿ.’

ಇವು ಎರಡು ಬೇರೆ ಬೇರೆ ಸುದ್ದಿಗಳಂತೆ ಕಾಣುತ್ತವೆ. ಎಷ್ಟೋ ಸಲ ಒಂದೇ ನಾಯಿಯ ಕಥೆಯ ಮೊದಲ ಪುಟ ಮತ್ತು ನಡುವಿನ ಪುಟ. ಮೊದಲ ಮೆಸೇಜಿನಲ್ಲಿ ಬರುವ ಒಂದೊಂದು ಮಾತೂ ಎಷ್ಟು ನಿಜ, ಕಾನೂನು ಏನು ಹೇಳುತ್ತದೆ, ಮರಿ ಕೊನೆಗೆ ಎಲ್ಲಿ ಸೇರಿತು ಎಂಬುದಕ್ಕೆ ಯಾರು ಜವಾಬ್ದಾರರು? ಒಂದೊಂದಾಗಿ ನೋಡೋಣ.

ಮೊದಲು ಒಂದು ಸಣ್ಣ ಲೆಕ್ಕ

ಮನೆಯಲ್ಲಿ ಒಂದು ಹೆಣ್ಣು ಲ್ಯಾಬ್ರಡಾರ್ ಇದೆ ಎಂದುಕೊಳ್ಳಿ. ಬೆದೆಗೆ ಬಂದಿದೆ. ಪರಿಚಯದವರ ಮನೆಯಲ್ಲಿ ಗಂಡು ನಾಯಿ ಇದೆ. ‘ಒಂದು ಸಲ ಕ್ರಾಸ್ ಮಾಡಿಸೋಣ, ಮಕ್ಕಳಿಗೂ ಖುಷಿ’ ಎನ್ನುತ್ತಾರೆ ಮನೆಯವರು. ಸುಮಾರು 63 ದಿನಕ್ಕೆ ಮರಿಗಳು ಹುಟ್ಟುತ್ತವೆ. ಲ್ಯಾಬ್ರಡಾರ್ ಒಂದು ಸೂಲಿಗೆ ಏಳು ಮರಿ ಹಾಕುವುದು ಸಾಮಾನ್ಯ. ಚೆನ್ನಾಗಿ ಸಾಕಿದರೆ ಒಂದೊಂದು ಮರಿಯೂ 11 ವರ್ಷ ಬದುಕಬಹುದು.

ಏಳು ಮರಿ, ತಲಾ 11 ವರ್ಷ. ಒಟ್ಟು 77 ವರ್ಷ. ಅಷ್ಟು ವರ್ಷಗಳ ಊಟ, ಲಸಿಕೆ, ಔಷಧಿ, ವಾಕಿಂಗು, ಒಂಟಿಯಾಗಿ ಬಿಡದೆ ನೋಡಿಕೊಳ್ಳುವ ಜನ, ಇಷ್ಟೆಲ್ಲಾ ಬೇಕಾಗುವ ಜೀವಗಳನ್ನು ಒಂದು ಮಧ್ಯಾಹ್ನದ ತೀರ್ಮಾನ ಹುಟ್ಟಿಸಿತು. ಮರಿ ಮಾರಿದವರ ಕೈಗೆ ಹಣ ಬಂದದ್ದು ಮೊದಲ ಎರಡು ತಿಂಗಳಲ್ಲಿ. ಉಳಿದ ಸುಮಾರು 76 ವರ್ಷಗಳ ಮಾತು ಯಾರೂ ಆಡಿರುವುದಿಲ್ಲ.

ತಳಿ ಬೆಳೆಸುವುದರಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂಬ ಚರ್ಚೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಈ 76 ವರ್ಷಗಳ ಬಳಿ. ಇದು ನೆನಪಿನಲ್ಲಿರಲಿ.

‘ಹೆಣ್ಣುನಾಯಿ ಒಮ್ಮೆಯಾದರೂ ಮರಿ ಹಾಕಬೇಕು, ಇಲ್ಲದಿದ್ದರೆ ಕಾಯಿಲೆ ಬರುತ್ತದೆ’

ತಪ್ಪು. ಮರಿ ಹಾಕದಿದ್ದರೆ ಹೆಣ್ಣುನಾಯಿಯ ಆರೋಗ್ಯ ಕೆಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ತಾಯ್ತನದ ಆಸೆ ತೀರದೆ ಕೊರಗುತ್ತದೆ ಎಂಬುದು ಮನುಷ್ಯರ ಭಾವನೆಯನ್ನು ನಾಯಿಯ ಮೇಲೆ ಹೊರಿಸಿದ ಮಾತು.

ಈ ನಂಬಿಕೆಯ ಹಿಂದೆ ಒಂದು ನಿಜವಾದ ಕಾಯಿಲೆ ಇದೆ. ಸಂತಾನಹರಣ ಚಿಕಿತ್ಸೆ ಆಗದ ಹೆಣ್ಣುನಾಯಿಗಳಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಸೋಂಕು ಬರಬಹುದು. ಇದನ್ನು ಪಯೋಮೆಟ್ರಾ ಎನ್ನುತ್ತಾರೆ. ಸ್ವೀಡನ್‌ನಲ್ಲಿ ವಿಮೆ ಮಾಡಿಸಿದ ನಾಯಿಗಳ ದಾಖಲೆ ನೋಡಿದಾಗ, ಹತ್ತು ವರ್ಷ ತುಂಬುವ ಹೊತ್ತಿಗೆ ಹೆಚ್ಚುಕಡಿಮೆ ನಾಲ್ಕು ಹೆಣ್ಣುನಾಯಿಗಳಲ್ಲಿ ಒಂದಕ್ಕೆ ಈ ಕಾಯಿಲೆ ಬಂದಿತ್ತು. ಮರಿ ಹಾಕಿದ ನಾಯಿಗಳಲ್ಲಿ ಅಪಾಯ ಸ್ವಲ್ಪ ಕಡಿಮೆ ಕಂಡದ್ದುಂಟು, ಆದರೆ ಹೋಗಿಲ್ಲ. ಕಾಯಿಲೆ ಬರದಂತೆ ನಿಜವಾಗಿ ತಡೆಯುವುದು ಸಂತಾನಹರಣ ಶಸ್ತ್ರಚಿಕಿತ್ಸೆ. ಅದನ್ನು ಯಾವ ವಯಸ್ಸಿಗೆ ಮಾಡಿಸಬೇಕು ಎಂಬುದು ತಳಿ ಮತ್ತು ಗಾತ್ರದ ಮೇಲೆ ಹೋಗುತ್ತದೆ. ನಿಮ್ಮ ಪಶುವೈದ್ಯರನ್ನು ಕೇಳಿ.

ಹೆರಿಗೆಯಲ್ಲೂ ಅಪಾಯವಿದೆ. ಮರಿ ಅಡ್ಡ ಸಿಕ್ಕಿಕೊಳ್ಳಬಹುದು. ಹಾಲೂಡಿಸುವಾಗ ತಾಯಿಯ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರಬಹುದು. ಪಗ್, ಬುಲ್‌ಡಾಗ್‌ನಂಥ ದೊಡ್ಡ ತಲೆಯ ತಳಿಗಳಿಗೆ ಎಷ್ಟೋ ಸಲ ಸಿಸೇರಿಯನ್ನೇ ಆಗಬೇಕು. ‘ಒಂದು ಸಲ ಮರಿ ಹಾಕಲಿ’ ಎನ್ನುವವರು ಆ ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವ ಪಶುವೈದ್ಯರನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು.

‘35 ದಿನದ ಮರಿ, ಈಗ ತಂದರೆ ಚೆನ್ನಾಗಿ ಹೊಂದಿಕೊಳ್ಳುತ್ತದೆ’

ಇದೂ ತಪ್ಪು. ಮರಿ ಚಿಕ್ಕದಾದಷ್ಟೂ ನಮಗೆ ಬೇಗ ಅಂಟಿಕೊಳ್ಳುತ್ತದೆ ಎಂಬ ಲೆಕ್ಕ ನಾಯಿಯ ವಿಷಯದಲ್ಲಿ ಸರಿಹೋಗುವುದಿಲ್ಲ.

ಸುಮಾರು ಮೂರನೇ ವಾರದಿಂದ ಹನ್ನೆರಡು ಹದಿನಾಲ್ಕನೇ ವಾರದವರೆಗೆ ನಾಯಿಮರಿ ಲೋಕವನ್ನು ಕಲಿಯುತ್ತದೆ. ಇದರ ಮೊದಲ ಭಾಗದಲ್ಲಿ ಅದರ ಮೇಷ್ಟ್ರು ತಾಯಿ ಮತ್ತು ಒಡಹುಟ್ಟಿದ ಮರಿಗಳು. ಆಟವಾಡುತ್ತಾ ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕಿರುಚಿ ಆಟ ನಿಲ್ಲಿಸುತ್ತದೆ. ತಾಯಿ ಗುರ್ ಎನ್ನುತ್ತದೆ. ಹಲ್ಲನ್ನು ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಬೇಕು ಎಂಬುದು ಹೀಗೆ ಬರುತ್ತದೆ. ಈ ಪಾಠ ತಪ್ಪಿಸಿಕೊಂಡ ಮರಿ ನಿಮ್ಮ ಮನೆಗೆ ಬಂದು ಮಗುವಿನ ಕೈ ಮೇಲೆ ಅದನ್ನು ಕಲಿಯಲು ನೋಡುತ್ತದೆ.

ಇಟಲಿಯಲ್ಲಿ 140 ನಾಯಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು 30ರಿಂದ 40 ದಿನಕ್ಕೆ ತಾಯಿಯಿಂದ ಬೇರ್ಪಟ್ಟ ನಾಯಿಗಳನ್ನೂ ಎರಡು ತಿಂಗಳಿಗೆ ಬೇರ್ಪಟ್ಟ ನಾಯಿಗಳನ್ನೂ ಹೋಲಿಸಿತು. ಬೇಗ ಬೇರ್ಪಟ್ಟವುಗಳಲ್ಲಿ ವಿಪರೀತ ಬೊಗಳುವುದು, ಹೊರಗೆ ಹೋದಾಗ ಹೆದರುವುದು, ವಸ್ತುಗಳನ್ನು ಕಚ್ಚಿ ಹಾಳುಮಾಡುವುದು ಹೆಚ್ಚಿತ್ತು. ಗಮನಿಸಿ, ‘ನಾಯಿ ಯಾರಿಗಾದರೂ ಕೊಡುತ್ತೇವೆ’ ಎನ್ನುವವರು ಹೇಳುವ ದೂರುಗಳೂ ಹೆಚ್ಚಾಗಿ ಇವೇ.

ನಮ್ಮ ದೇಶದ ನಿಯಮದ ಪ್ರಕಾರವೂ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎಂಟು ವಾರ ಎಂದರೆ 56 ದಿನ. ಹಾಗಾದರೆ 35 ದಿನದ ಮರಿ ಕೊಡಲು ಅಷ್ಟೊಂದು ಅವಸರ ಯಾಕೆ? ಐದನೇ ವಾರದ ಹೊತ್ತಿಗೆ ಮರಿಗಳು ತಾಯಿಯ ಹಾಲು ಬಿಟ್ಟು ತಿನ್ನಲು ಶುರುಮಾಡುತ್ತವೆ. ಅಲ್ಲಿಂದ ಮುಂದೆ ಆಹಾರ, ಜಂತುಹುಳದ ಔಷಧಿ, ಲಸಿಕೆ, ಶುಚಿ ಎಲ್ಲಕ್ಕೂ ಖರ್ಚು. ಆ ಮೂರು ವಾರದ ಖರ್ಚನ್ನು ನಿಮ್ಮ ತಲೆಗೆ ಕಟ್ಟುವುದೇ ಅವಸರದ ಗುಟ್ಟು.

‘ವ್ಯಾಕ್ಸಿನ್ ಕಂಪ್ಲೀಟ್’

35 ದಿನದ ಮರಿಗೆ ಲಸಿಕೆ ಕಂಪ್ಲೀಟ್ ಆಗಲು ಸಾಧ್ಯವೇ ಇಲ್ಲ. ಹುಟ್ಟಿದ ಮರಿಗೆ ತಾಯಿಯ ಮೊದಲ ಹಾಲಿನಿಂದ ಒಂದಿಷ್ಟು ರೋಗನಿರೋಧಕ ಶಕ್ತಿ ಸಿಗುತ್ತದೆ. ಅದು ಇರುವವರೆಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ, ಅದು ಯಾವ ದಿನ ಇಳಿಯುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆ. ಆದ್ದರಿಂದಲೇ ಆರರಿಂದ ಎಂಟು ವಾರದ ನಡುವೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಸುಮಾರು 16 ವಾರದವರೆಗೆ ಲಸಿಕೆ ಕೊಡುತ್ತಾರೆ. ರೇಬೀಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ.

ಇಲ್ಲಿ ಎಚ್ಚರ ತಪ್ಪಿದರೆ ಬರುವುದು ಪಾರ್ವೊ. ವಾಂತಿ, ರಕ್ತಭೇದಿ ಆಗಿ ಮರಿ ಎರಡು ಮೂರು ದಿನದಲ್ಲಿ ಸಾಯಬಹುದು. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಭಾನುವಾರ ಕುಣಿಯುತ್ತಾ ಬಂದ ಮರಿ ಶುಕ್ರವಾರ ಏಳದಿರುವುದಕ್ಕೆ ಕಾರಣ ಇದು. ಮಾರಿದವರು ‘ನಮ್ಮಲ್ಲಿದ್ದಾಗ ಚೆನ್ನಾಗಿತ್ತು’ ಎನ್ನುತ್ತಾರೆ. ಸೋಂಕು ಅಲ್ಲೇ ತಗುಲಿರುವ ಸಾಧ್ಯತೆ ದೊಡ್ಡದು. ಈ ವೈರಸ್ಸು ನೆಲದಲ್ಲಿ, ಬಟ್ಟಲಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆದ್ದರಿಂದ ಒಂದು ಮರಿ ಪಾರ್ವೊದಿಂದ ಸತ್ತ ಮನೆಗೆ, ‘ಅದರ ಬದಲು ಇದನ್ನು ಇಟ್ಟುಕೊಳ್ಳಿ’ ಎಂದು ಇನ್ನೊಂದು ಮರಿ ಕೊಟ್ಟರೆ ತಕ್ಷಣ ತರಬೇಡಿ. ಮೊದಲು ಪಶುವೈದ್ಯರ ಬಳಿ ಮಾತಾಡಿ.

‘ಲಸಿಕೆ ಆಗಿದೆ’ ಎಂಬ ಮಾತನ್ನು ನಂಬಬೇಡಿ, ಕಾರ್ಡ್ ನೋಡಿ. ಅದರಲ್ಲಿ ಲಸಿಕೆಯ ಸ್ಟಿಕರ್, ತಾರೀಖು, ಪಶುವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇರಬೇಕು.

‘ಕೆಸಿಐ ಪೇಪರ್ ಇದೆ, ಹೆವಿ ಬೋನ್, ಶೋ ಕ್ವಾಲಿಟಿ’

ಕೆಸಿಐ ಎಂದರೆ ಚೆನ್ನೈನಲ್ಲಿ ಮುಖ್ಯ ಕಚೇರಿ ಇರುವ ಕೆನಲ್ ಕ್ಲಬ್ ಆಫ್ ಇಂಡಿಯಾ. ಅದು ಕೊಡುವ ಪೇಪರು ನಾಯಿಯ ವಂಶಾವಳಿ. ಅಪ್ಪ ಯಾರು, ಅಮ್ಮ ಯಾರು, ಅಜ್ಜ ಅಜ್ಜಿ ಯಾರು ಎಂಬ ದಾಖಲೆ. ಆರೋಗ್ಯದ ಸರ್ಟಿಫಿಕೇಟ್ ಅಲ್ಲ. ನಮ್ಮ ಜನನ ಪ್ರಮಾಣಪತ್ರ ನೋಡಿ ನಮಗೆ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಹೇಳಲು ಬರುತ್ತದೆಯೇ? ಹಾಗೆಯೇ ಇದು.

ಆ ಪೇಪರಿನಿಂದ ಒಂದು ಉಪಯೋಗ ಉಂಟು. ಅಪ್ಪ ಅಮ್ಮನ ಕಡೆ ಒಂದೇ ಹೆಸರುಗಳು ಬರುತ್ತಿದ್ದರೆ ಹತ್ತಿರದ ರಕ್ತಸಂಬಂಧದಲ್ಲೇ ಮರಿ ಹಾಕಿಸಿದ್ದಾರೆ ಎಂದು ಗೊತ್ತಾಗುತ್ತದೆ. ಇದರಿಂದ ತೊಂದರೆ ಹೀಗೆ: ಕೆಲವು ಕಾಯಿಲೆಗಳ ಜೀನ್ ಒಂದು ಪ್ರತಿ ಇದ್ದರೆ ನಾಯಿಗೆ ಏನೂ ಆಗುವುದಿಲ್ಲ, ಎರಡು ಪ್ರತಿ ಸೇರಿದರೆ ಕಾಯಿಲೆ ಬರುತ್ತದೆ. ಲ್ಯಾಬ್ರಡಾರ್‌ಗಳಲ್ಲಿ ನಿಧಾನಕ್ಕೆ ಕಣ್ಣು ಕಾಣದಂತೆ ಮಾಡುವ ಒಂದು ಕಾಯಿಲೆ ಈ ಬಗೆಯದು. ತಂದೆ ತಾಯಿ ಇಬ್ಬರಲ್ಲೂ ಒಂದೊಂದು ಪ್ರತಿ ಅಡಗಿದ್ದರೆ ಹುಟ್ಟುವ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಅಣ್ಣ ತಂಗಿಯಂಥ ಸಂಬಂಧದಲ್ಲಿ ಒಂದೇ ಜೀನ್ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಇದು ಮೊದಲೇ ತಿಳಿಯುತ್ತದೆ.

ಸೊಂಟದ ಕೀಲಿನ ದೋಷವೂ ಹೀಗೆಯೇ ವಂಶದಲ್ಲಿ ಹರಿಯುತ್ತದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್ ತಳಿಗಳಲ್ಲಿ ಇದು ಹೆಚ್ಚು. ಎಕ್ಸ್‌ರೇ ತೆಗೆದು ತಂದೆ ತಾಯಿಯ ಕೀಲು ಚೆನ್ನಾಗಿದೆ ಎಂದು ಖಚಿತಪಡಿಸಿಕೊಳ್ಳಬೇಕು. ಅಮೆರಿಕದಲ್ಲಿ ಈ ಪ್ರಮಾಣಪತ್ರ ಕೊಡುವ ಸಂಸ್ಥೆ ಎರಡು ವರ್ಷ ತುಂಬಿದ ಮೇಲೆಯೇ ಅಂತಿಮ ಫಲಿತಾಂಶ ಕೊಡುತ್ತದೆ. ಒಂದು ವರ್ಷದ ನಾಯಿಗೆ ಮರಿ ಹಾಕಿಸಿದವರು ಈ ಪರೀಕ್ಷೆಯ ಅಂತಿಮ ಫಲಿತಾಂಶಕ್ಕೆ ಕಾದಿಲ್ಲ ಎಂದಾಯಿತು.

ಇನ್ನು ‘ಹೆವಿ ಬೋನ್’, ‘ಡಬಲ್ ಬೋನ್’. ಇವು ಮಾರುಕಟ್ಟೆಯ ಪದಗಳು, ವೈದ್ಯಶಾಸ್ತ್ರದಲ್ಲಿ ಇಲ್ಲ. ದಪ್ಪ ಕಾಲಿನ ಗುಂಡನೆಯ ಮರಿ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೆ. ದೊಡ್ಡ ತಳಿಯ ಮರಿಯನ್ನು ಅತಿಯಾಗಿ ತಿನ್ನಿಸಿ ದಪ್ಪ ಮಾಡುವುದು ಅದರ ಕೀಲಿಗೆ ಒಳ್ಳೆಯದಲ್ಲ.

ಕಾನೂನು ಏನು ಹೇಳುತ್ತದೆ?

ನಾಯಿ ತಳಿ ಬೆಳೆಸಿ ಮಾರುವುದಕ್ಕೆ ಕೇಂದ್ರ ಸರ್ಕಾರ 2017ರ ಮೇ ತಿಂಗಳಲ್ಲಿ ಪ್ರತ್ಯೇಕ ನಿಯಮಗಳನ್ನು ತಂದಿದೆ. ಮಾರಾಟಕ್ಕಾಗಿ ಮರಿ ಹಾಕಿಸುವವರು ಮಾತ್ರವಲ್ಲ, ನಡುವೆ ನಿಂತು ಮಾರಿಸುವವರೂ ಇದರ ಅಡಿಯಲ್ಲಿ ಬರುತ್ತಾರೆ. ಮುಖ್ಯವಾದವು ಇವು:

• ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಪ್ರಮಾಣಪತ್ರ ಎಲ್ಲರಿಗೂ ಕಾಣುವಂತೆ ಹಾಕಿರಬೇಕು.
• ಹೆಣ್ಣುನಾಯಿಗೆ 18 ತಿಂಗಳು ತುಂಬುವ ಮೊದಲು ಮರಿ ಹಾಕಿಸುವಂತಿಲ್ಲ.
• ಒಂದೇ ವರ್ಷದಲ್ಲಿ ಎರಡು ಸಲ ಮರಿ ಹಾಕಿಸುವಂತಿಲ್ಲ. ಇಡೀ ಜೀವನದಲ್ಲಿ ಐದು ಸೂಲಿಗಿಂತ ಹೆಚ್ಚು ಕೂಡದು.
• ಹತ್ತಿರದ ರಕ್ತಸಂಬಂಧದಲ್ಲಿ ಕೂಡಿಸುವಂತಿಲ್ಲ.
• ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಮಾರುವ ಮರಿಗೆ ಮೈಕ್ರೋಚಿಪ್ ಹಾಕಿರಬೇಕು, ವಯಸ್ಸಿಗೆ ತಕ್ಕ ಲಸಿಕೆ ಆಗಿರಬೇಕು, ದಾಖಲೆ ಕೊಡಬೇಕು.
• ಕೊಳ್ಳುವವರು ಯಾರು, ಹೇಗೆ ಎಂದು ವಿಚಾರಿಸಬೇಕು. ಕೊಟ್ಟ ಮೇಲೂ ವರ್ಷಕ್ಕೊಮ್ಮೆಯಾದರೂ ಮರಿಯ ಸ್ಥಿತಿಗತಿ ತಿಳಿದುಕೊಳ್ಳಬೇಕು.

ಕೊನೆಯದನ್ನು ಇನ್ನೊಮ್ಮೆ ಓದಿ. ಹಣ ಎಣಿಸಿಕೊಂಡ ಕೂಡಲೇ ಬ್ರೀಡರ್ ಕೆಲಸ ಮುಗಿಯುವುದಿಲ್ಲ ಎಂದು ನಿಯಮವೇ ಹೇಳುತ್ತಿದೆ. ಆ 76 ವರ್ಷಗಳ ಹೊಣೆಯ ಒಂದು ಎಳೆ ಕಾಗದದ ಮೇಲೆ ಇದೆ. ಕೊಳ್ಳುವ ನಾವು ಕೇಳದೆ ಇರುವುದರಿಂದ ಅದು ಕಾಗದದಲ್ಲೇ ಉಳಿದಿದೆ.

ಮೈಕ್ರೋಚಿಪ್ ಬಗ್ಗೆ ಒಂದು ಮಾತು. ಅಕ್ಕಿಕಾಳಿನಷ್ಟಿರುವ ಅದನ್ನು ಚರ್ಮದ ಕೆಳಗೆ ಸೂಜಿಯಿಂದ ಹಾಕುತ್ತಾರೆ. ‘ಚಿಪ್ ಇದ್ದರೆ ನಾಯಿ ಎಲ್ಲಿದೆ ಎಂದು ಮೊಬೈಲಿನಲ್ಲಿ ಕಾಣುತ್ತದೆ’ ಎಂಬ ಫಾರ್ವರ್ಡ್ ಸುಳ್ಳು. ಅದರಲ್ಲಿ ಜಿಪಿಎಸ್ ಇಲ್ಲ, ಬ್ಯಾಟರಿ ಇಲ್ಲ. ಸ್ಕ್ಯಾನರ್ ಹಿಡಿದರೆ 15 ಅಂಕಿಯ ಒಂದು ಸಂಖ್ಯೆ ಬರುತ್ತದೆ, ಅಷ್ಟೆ. ಆ ಸಂಖ್ಯೆ ನಿಮ್ಮ ಹೆಸರಿನಲ್ಲಿ ದಾಖಲಾಗಿದ್ದರೆ ಮಾತ್ರ ಪ್ರಯೋಜನ. ಬೀದಿಯಲ್ಲಿ ಸಿಕ್ಕ ನಾಯಿ ಯಾರದ್ದು ಎಂದು ಹೇಳಲು ಮಾತ್ರ ಅದಕ್ಕೆ ಬರುತ್ತದೆ. ಬಿಟ್ಟು ಹೋಗುವವರಿಗೆ ಬೇಡವಾದದ್ದೂ ಅದೇ.

‘23 ತಳಿ ಬ್ಯಾನ್ ಆಗಿದೆ’ ಎಂಬ ಮೆಸೇಜು ಈಗಲೂ ಓಡಾಡುತ್ತಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರದ ಪಶುಸಂಗೋಪನಾ ಇಲಾಖೆ ಅಂಥದ್ದೊಂದು ಸುತ್ತೋಲೆ ಕಳಿಸಿದ್ದು ನಿಜ. ಕರ್ನಾಟಕ ಹೈಕೋರ್ಟ್ ಅದೇ ವರ್ಷ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಆ ಹಳೆಯ ಮೆಸೇಜು ನೋಡಿ ಹೆದರಿ ಮನೆಯ ನಾಯಿಯನ್ನು ಹೊರಗೆ ಕಳಿಸಬೇಡಿ.

ಬೀದಿಗೆ ಬಿಟ್ಟರೆ ಏನಾಗುತ್ತದೆ?

‘ಊಟ ಹಾಕುವವರು ಇದ್ದಾರೆ, ಹೇಗೋ ಬದುಕಿಕೊಳ್ಳುತ್ತದೆ’ ಎನ್ನುತ್ತಾರೆ. ಬೀದಿಯಲ್ಲೇ ಹುಟ್ಟಿದ ಮರಿಗಳ ಗತಿಯೇ ಏನು ಎಂದು ಪಶ್ಚಿಮ ಬಂಗಾಳದಲ್ಲಿ ಕೋಲ್ಕತ್ತದ ಐಸರ್ ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. 95 ಸೂಲುಗಳ 364 ಮರಿಗಳಲ್ಲಿ ಪ್ರಾಯಕ್ಕೆ ಬರುವವರೆಗೆ, ಅಂದರೆ ಏಳು ತಿಂಗಳವರೆಗೆ, ಬದುಕಿ ಉಳಿದದ್ದು ನೂರಕ್ಕೆ 19 ಮಾತ್ರ. ಸಾವುಗಳಲ್ಲಿ ನೂರಕ್ಕೆ 63ರಷ್ಟಕ್ಕೆ ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯರೇ ಕಾರಣ.

ಇದು ಬೀದಿಯ ತಾಯಿ ಬೆಳೆಸಿದ ಮರಿಗಳ ಲೆಕ್ಕ. ಸೋಫಾದ ಮೇಲೆ ಬೆಳೆದು, ಬಟ್ಟಲಲ್ಲಿ ಊಟ ಕಂಡು, ವಾಹನದ ಭಯವೇ ಗೊತ್ತಿಲ್ಲದ ಒಂಬತ್ತು ತಿಂಗಳ ಲ್ಯಾಬ್ರಡಾರನ್ನು ಬಡಾವಣೆಯ ಆಚೆ ಇಳಿಸಿ ಬಂದರೆ ಅದಕ್ಕೆ ಅಲ್ಲಿನ ನಾಯಿಗಳ ಗಡಿ ಗೊತ್ತಿಲ್ಲ, ಆಹಾರ ಹುಡುಕಲು ಬರುವುದಿಲ್ಲ. ಬದುಕಿದರೂ, ಸಂತಾನಹರಣ ಆಗಿರದಿದ್ದರೆ ಬೀದಿಯಲ್ಲಿ ಇನ್ನಷ್ಟು ಮರಿ.

ಅಂದಹಾಗೆ, ‘ಒಂದು ಜೋಡಿ ನಾಯಿ ಆರು ವರ್ಷದಲ್ಲಿ 67,000 ನಾಯಿಗಳಾಗುತ್ತವೆ’ ಎಂಬ ಫಾರ್ವರ್ಡ್ ಕೂಡ ಸರಿಯಲ್ಲ. ಹುಟ್ಟಿದ ಮರಿಯೆಲ್ಲಾ ಬದುಕಿ, ಎಲ್ಲವೂ ಮರಿ ಹಾಕುತ್ತವೆ ಎಂದು ಹಿಡಿದರೆ ಮಾತ್ರ ಅಷ್ಟಾಗುತ್ತದೆ. ಬಂಗಾಳದ ಲೆಕ್ಕ ನೋಡಿದರೆ ಹಾಗಾಗುವುದಿಲ್ಲ. ಸಂತಾನಹರಣ ಮಾಡಿಸಿ ಎಂದು ಹೇಳಲು ಸುಳ್ಳು ಸಂಖ್ಯೆ ಬೇಕಿಲ್ಲ. ಹುಟ್ಟಿದವುಗಳಲ್ಲಿ ಹೆಚ್ಚಿನವು ಸಾಯುತ್ತವೆ ಎಂಬ ನಿಜವೇ ಸಾಕು.

ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಆದರೆ ಆ ಕಾಯ್ದೆಯಲ್ಲಿ ಬರೆದಿರುವ ದಂಡ ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ನಾಯಿಯನ್ನು ಕರೆದುಕೊಂಡು ಹೋಗಿ ಬಿಟ್ಟು ಬರುವ ಆಟೋ ಚಾರ್ಜು ಅದಕ್ಕಿಂತ ಹೆಚ್ಚು. ಕಾನೂನಿನ ಭಯದಿಂದ ಇದು ನಿಲ್ಲುವುದಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಫ್ಯಾಷನ್ ಬಂದಾಗ ಏನಾಗುತ್ತದೆ?

ಜನ ತಳಿಯನ್ನು ಆರಿಸುವುದು ಬಹಳ ಸಲ ಸಿನಿಮಾ ಮತ್ತು ಜಾಹೀರಾತು ನೋಡಿ. ಡಿಸ್ನಿಯ 101 ಡಾಲ್ಮೇಷಿಯನ್ಸ್ ಚಿತ್ರ 1985ರಲ್ಲಿ ಮರುಬಿಡುಗಡೆಯಾದ ಮೇಲೆ ಅಮೆರಿಕದಲ್ಲಿ ಡಾಲ್ಮೇಷಿಯನ್ ನೋಂದಣಿ ಎಂಟು ವರ್ಷಗಳಲ್ಲಿ ಸುಮಾರು ಐದು ಪಟ್ಟು ಏರಿತು. ನಮ್ಮಲ್ಲಿ 2003ರ ಹೊತ್ತಿಗೆ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಹೋಗುವ ಪಗ್ ಬಂತು. ಆ ತಳಿಗೆ ‘ಹಚ್ ನಾಯಿ’ ಎಂದೇ ಹೆಸರಾಯಿತು. ಚಪ್ಪಟೆ ಮೂಗಿನಿಂದಾಗಿ ಅದಕ್ಕೆ ಉಸಿರಾಟವೇ ಕಷ್ಟ, ಬಿಸಿಲು ತಡೆಯುವುದಿಲ್ಲ ಎಂಬುದನ್ನು ಜಾಹೀರಾತು ಹೇಳಲಿಲ್ಲ. ನಿದ್ದೆಯಲ್ಲಿ ಗೊರಕೆ ಹೊಡೆಯುವ ಪಗ್ ವಿಡಿಯೋ ನೋಡಿ ನಾವು ನಗುತ್ತೇವೆ. ಎಷ್ಟೋ ಸಲ ಅದು ಉಸಿರಿಗಾಗಿ ಒದ್ದಾಡುವ ಸದ್ದು.

ಒಳ್ಳೆಯ ಉದ್ದೇಶದಿಂದ ಶುರುವಾದದ್ದೂ ಕೈತಪ್ಪಬಹುದು. ಆಸ್ಟ್ರೇಲಿಯಾದಲ್ಲಿ ಕುರುಡರಿಗೆ ದಾರಿತೋರುವ ನಾಯಿಗಳನ್ನು ತಯಾರು ಮಾಡುವ ಸಂಸ್ಥೆಯಲ್ಲಿದ್ದ ವಾಲಿ ಕಾನ್ರಾನ್ 1989ರಲ್ಲಿ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿದರು. ಹವಾಯಿಯ ಒಬ್ಬ ದೃಷ್ಟಿಹೀನ ಮಹಿಳೆಗೆ ನಾಯಿ ಬೇಕಿತ್ತು, ಅವರ ಗಂಡನಿಗೆ ನಾಯಿ ಕೂದಲಿನ ಅಲರ್ಜಿ ಇತ್ತು. ಮೂರು ಮರಿ ಹುಟ್ಟಿದವು. ಅವುಗಳಲ್ಲಿ ಆ ಮನೆಗೆ ಹೊಂದಿದ್ದು ಒಂದು. ಉಳಿದ ಮಿಶ್ರ ತಳಿಯ ಮರಿಗಳನ್ನು ಕರೆದೊಯ್ಯಲು ಯಾರೂ ಒಪ್ಪಲಿಲ್ಲ. ಆಗ ಅವರು ‘ಲ್ಯಾಬ್ರಡೂಡಲ್’ ಎಂಬ ಹೊಸ ಹೆಸರಿಟ್ಟರು. ಹೆಸರು ಕೇಳಿದ್ದೇ ತಡ, ಬೇಡಿಕೆ ಏರಿತು. ಪರೀಕ್ಷೆ ಇಲ್ಲದೆ, ಲೆಕ್ಕ ಇಲ್ಲದೆ ಯಾರ್ಯಾರೋ ಮರಿ ಹಾಕಿಸತೊಡಗಿದರು. ಅದನ್ನು ಹುಟ್ಟುಹಾಕಿದ್ದಕ್ಕೆ ಪಶ್ಚಾತ್ತಾಪವಿದೆ ಎಂದು ಕಾನ್ರಾನ್ ಆಮೇಲೆ ಬಹಿರಂಗವಾಗಿ ಹೇಳಿದರು. ‘ಅಲರ್ಜಿ ಬರದ ನಾಯಿ’ ಎಂದು ಇಂದಿಗೂ ಮಾರುತ್ತಾರೆ. ಅಲರ್ಜಿ ತರುವ ಪ್ರೋಟೀನು ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುತ್ತದೆ. ಪೂರ್ತಿ ಅಲರ್ಜಿರಹಿತ ತಳಿ ಯಾವುದೂ ಇಲ್ಲ.

ನಮ್ಮ ಮುಧೋಳ ನಾಯಿಗೂ ಈಗ ಇಂಥ ಕಾಲ. 2005ರಲ್ಲಿ ಅದರ ಅಂಚೆಚೀಟಿ ಬಂತು. 2016ರಲ್ಲಿ ಮರಿಗಳು ಸೇನೆಯ ತರಬೇತಿಗೆ ಮೀರತ್‌ಗೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಮನ್ ಕೀ ಬಾತ್‌ನಲ್ಲಿ ಹೆಸರು ಹೇಳಿದರು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಆ ಭಾಗದ ಹಳ್ಳಿಗಳಲ್ಲಿ ಈ ನಾಯಿ ಸಾಕಿ ಮರಿ ಮಾರುವುದು ಬಡ ಕುಟುಂಬಗಳಿಗೆ ಆದಾಯ. ಅವರು ಉಳಿಸದಿದ್ದರೆ ಈ ತಳಿ ನಮ್ಮ ಕಾಲಕ್ಕೆ ಬರುತ್ತಲೇ ಇರಲಿಲ್ಲ. ಆದ್ದರಿಂದ ತಳಿ ಬೆಳೆಸುವುದೇ ಪಾಪ ಎಂದು ಯಾರೂ ಹೇಳಬೇಕಾಗಿಲ್ಲ.

ಆದರೆ ಮುಧೋಳ ನಾಯಿ ಬಯಲಿನಲ್ಲಿ ಮೊಲದ ಹಿಂದೆ ಓಡಲು ಬೆಳೆದು ಬಂದದ್ದು. ಕಣ್ಣಿಗೆ ಓಡುವ ಪ್ರಾಣಿ ಕಂಡರೆ ಕಿವಿ ಕೇಳಿಸುವುದಿಲ್ಲ. ‘ದೇಶಿ ತಳಿ, ಮೇಂಟೆನೆನ್ಸ್ ಇಲ್ಲ’ ಎಂಬ ಫಾರ್ವರ್ಡ್ ನಂಬಿ ಮೂರನೇ ಮಹಡಿಯ ಫ್ಲ್ಯಾಟಿಗೆ ತಂದರೆ, ಓಡಲು ಜಾಗವಿಲ್ಲದೆ ಅದು ಮನೆಯನ್ನೇ ಹರಿದು ಹಾಕುತ್ತದೆ. ಸೀಳು ಮೈಕಟ್ಟು ನೋಡಿ ಪಕ್ಕದವರು ‘ಊಟ ಹಾಕುವುದಿಲ್ಲವೇ?’ ಎಂದು ಕೇಳುತ್ತಾರೆ. ಅದರ ಮೈ ಇರುವುದೇ ಹಾಗೆ. ದೇಶಿ ತಳಿ ಉಳಿಯಬೇಕಾದರೆ ಕೊಳ್ಳುವವರ ಸಂಖ್ಯೆ ಹೆಚ್ಚಿದರೆ ಸಾಲದು, ಅದಕ್ಕೆ ಹೊಂದುವ ಮನೆಗಳು ಸಿಗಬೇಕು.

ಹಾಗಾದರೆ ಒಳ್ಳೆಯ ಬ್ರೀಡರ್ ಗುರುತು ಏನು?

ಮೊದಲ ಗುರುತು: ನೀವು ಪ್ರಶ್ನೆ ಕೇಳುವ ಮೊದಲು ಅವರೇ ಕೇಳುತ್ತಾರೆ. ಸ್ವಂತ ಮನೆಯೋ ಬಾಡಿಗೆಯೋ? ಹಗಲು ಮನೆಯಲ್ಲಿ ಯಾರಿರುತ್ತಾರೆ? ಮೊದಲು ನಾಯಿ ಸಾಕಿದ್ದಿರಾ, ಅದು ಏನಾಯಿತು? ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ? ಇದು ಅಧಿಕಪ್ರಸಂಗವಲ್ಲ. ಮಗಳನ್ನು ಕೊಡುವ ಮನೆಯ ಬಗ್ಗೆ ನಾವು ವಿಚಾರಿಸುವುದಿಲ್ಲವೇ? ‘ಗೂಗಲ್ ಪೇ ಮಾಡಿ, ಬಸ್ಸಿಗೆ ಹಾಕಿ ಕಳಿಸುತ್ತೇವೆ’ ಎನ್ನುವವರಿಗೆ ಮರಿ ಎಲ್ಲಿ ಸೇರುತ್ತದೆ ಎಂಬುದು ಬೇಕಾಗಿಲ್ಲ.

ಎರಡನೆಯದು: ಮರಿಯನ್ನು ಅದರ ತಾಯಿಯ ಜೊತೆ, ಹುಟ್ಟಿದ ಜಾಗದಲ್ಲಿ ತೋರಿಸುತ್ತಾರೆ. ಇಂಗ್ಲೆಂಡಿನಲ್ಲಿ ಇದಕ್ಕಾಗಿ ಕಾನೂನೇ ಬಂತು. ಲೂಸಿ ಎಂಬ ಕ್ಯಾವಲಿಯರ್ ತಳಿಯ ಹೆಣ್ಣುನಾಯಿಯನ್ನು 2013ರಲ್ಲಿ ವೇಲ್ಸ್‌ನ ಒಂದು ಮರಿ ಫಾರ್ಮಿನಿಂದ ಬಿಡಿಸಿದರು. ಸತತವಾಗಿ ಮರಿ ಹಾಕಿಸಿ ಅದರ ಬೆನ್ನು ಬಾಗಿತ್ತು. ಅದರ ಹೆಸರಿನ ‘ಲೂಸಿ ಕಾನೂನು’ 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಆರು ತಿಂಗಳೊಳಗಿನ ಮರಿಯನ್ನು ಅಂಗಡಿಯವರು, ಮಧ್ಯವರ್ತಿಗಳು ಅಲ್ಲಿ ಮಾರುವಂತಿಲ್ಲ. ಕೊಳ್ಳುವುದಾದರೆ ನೇರವಾಗಿ ಬ್ರೀಡರ್ ಬಳಿ, ಇಲ್ಲವೇ ದತ್ತು. ತಾಯಿಯನ್ನು ನೋಡಿದರೆ ಎಷ್ಟೋ ಸುಳ್ಳು ಅಲ್ಲೇ ಬಯಲಾಗುತ್ತದೆ.

ಮೂರನೆಯದು: ತಂದೆ ತಾಯಿಯ ಕೀಲು, ಕಣ್ಣಿನ ಪರೀಕ್ಷೆಯ ವರದಿ ಕೈಗೆ ಕೊಡುತ್ತಾರೆ. ಹಲವು ತಳಿ, ಯಾವಾಗ ಕೇಳಿದರೂ ಮರಿ ಸಿದ್ಧ ಎನ್ನುವವರಲ್ಲಿ ಇದು ಸಿಗುವುದಿಲ್ಲ. ಒಳ್ಳೆಯವರಲ್ಲಿ ಸಾಮಾನ್ಯವಾಗಿ ಕಾಯಬೇಕಾಗುತ್ತದೆ, ಏಕೆಂದರೆ ಅವರು ಮನೆ ಗೊತ್ತು ಮಾಡಿಕೊಂಡು ಆಮೇಲೆ ಮರಿ ಹಾಕಿಸುತ್ತಾರೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಈ ಒಂದು ಪ್ರಶ್ನೆ ಕೇಳಿ ನೋಡಿ: ‘ಮೂರು ವರ್ಷ ಕಳೆದ ಮೇಲೆ ನಮಗೆ ಸಾಕಲು ಆಗದಿದ್ದರೆ, ನಾಯಿಯನ್ನು ನೀವು ವಾಪಸ್ ತೆಗೆದುಕೊಳ್ಳುತ್ತೀರಾ?’

‘ಖಂಡಿತ, ಬೇರೆ ಯಾರಿಗೂ ಕೊಡಬೇಡಿ, ಮೊದಲು ನನಗೆ ಫೋನ್ ಮಾಡಿ’ ಎಂದು ಹೇಳಿ, ಅದನ್ನು ಬರೆದುಕೊಟ್ಟರೆ ಅವರು ಹುಟ್ಟಿಸಿದ್ದಕ್ಕೆ ಹೊಣೆ ಹೊತ್ತವರು. ಹೊಣೆ ಹೊರಬೇಕೆಂದ ಮೇಲೆ ಯಾರೂ ವರ್ಷಕ್ಕೆ ನಲವತ್ತು ಮರಿ ಹುಟ್ಟಿಸುವುದಿಲ್ಲ, ಸಿಕ್ಕಸಿಕ್ಕವರಿಗೆ ಕೊಡುವುದಿಲ್ಲ. ‘ಅದೆಲ್ಲಾ ಆಗಲ್ಲ ಸಾರ್, ಕೊಟ್ಟ ಮೇಲೆ ನಿಮ್ಮದು’ ಎಂದರೆ ಎದ್ದು ಬನ್ನಿ. ಮನೆಯಲ್ಲೇ ಒಂದು ಸಲ ಮರಿ ಹಾಕಿಸುವ ಯೋಚನೆ ಇದ್ದರೆ ಇದೇ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ಏಳರಲ್ಲಿ ಎರಡು ವಾಪಸ್ ಬಂದರೆ ಇಟ್ಟುಕೊಳ್ಳಲು ಜಾಗ ಇದೆಯೇ?

ಸಾಕಲು ಆಗುತ್ತಲೇ ಇಲ್ಲ ಎಂದಾಗ

ಕಾಯಿಲೆ, ಕೆಲಸ ಹೋಗುವುದು, ಮನೆ ಬದಲಾಗುವುದು ಯಾರಿಗೂ ಬರಬಹುದು. ನಾಯಿಯನ್ನು ಬೇರೆ ಮನೆಗೆ ಕೊಡುವುದು ತಪ್ಪಲ್ಲ, ಕೈತೊಳೆದುಕೊಳ್ಳುವುದು ತಪ್ಪು. ಮೊದಲು ಕೊಟ್ಟವರಿಗೆ ತಿಳಿಸಿ. ಆಮೇಲೆ ನಿಮ್ಮ ಪಶುವೈದ್ಯರಿಗೆ, ಅವರಿಗೆ ನಾಯಿ ಸಾಕುವ ಬಹಳ ಮನೆಗಳು ಗೊತ್ತಿರುತ್ತವೆ. ಕೊಡುವ ಮೊದಲು ಸಂತಾನಹರಣ ಮಾಡಿಸಿ. ‘ಉಚಿತ’ ಎಂದು ಹಾಕಿದ ತಳಿಯ ಹೆಣ್ಣುನಾಯಿ ಸುಮ್ಮನೆ ಮರಿ ಹಾಕಿಸಿ ಮಾರುವವರ ಕೈ ಸೇರುವ ಅಪಾಯ ಇದೆ. ಹೋಗುವ ಮನೆಯನ್ನು ಕಣ್ಣಾರೆ ನೋಡಿ. ಲಸಿಕೆ ಕಾರ್ಡ್, ಚಿಪ್ ದಾಖಲೆ ಅವರ ಹೆಸರಿಗೆ ಮಾಡಿಸಿ. ತಿಂಗಳ ಮೇಲೆ ಒಂದು ಫೋನ್ ಮಾಡಿ.

ಫಾರ್ವರ್ಡ್ ಬಟನ್ ಒತ್ತುವ ಮುನ್ನ

• ಮರಿಯ ವಯಸ್ಸು ಎಂಟು ವಾರಕ್ಕಿಂತ ಕಡಿಮೆ ಎಂದು ಬರೆದಿದೆಯೇ? ಕಳಿಸಬೇಡಿ. ನಿಯಮಕ್ಕೆ ವಿರುದ್ಧ.
• ಬ್ರೀಡರ್ ನೋಂದಣಿ ಸಂಖ್ಯೆ ಇಲ್ಲವೇ? ಕೇಳಿ. ಉತ್ತರ ಬರದಿದ್ದರೆ ಕಳಿಸಬೇಡಿ.
• ತಾಯಿಯ ಫೋಟೋ ಇಲ್ಲದೆ ಬರೀ ಮರಿಯ ಫೋಟೋ ಇದೆಯೇ? ಅನುಮಾನಿಸಿ.
• ಮರಿ ನೋಡುವ ಮೊದಲೇ ಅಡ್ವಾನ್ಸ್, ಕೊರಿಯರ್ ಚಾರ್ಜ್ ಕೇಳುತ್ತಾರೆಯೇ? ಮರಿ ಇಲ್ಲದೆಯೂ ಇರಬಹುದು. ಹಣ ಹಾಕಬೇಡಿ.
• ‘ಉಚಿತ, ಅರ್ಜೆಂಟ್’ ಮೆಸೇಜಿನಲ್ಲಿ ತಾರೀಖು ಇಲ್ಲವೇ? ಎರಡು ವರ್ಷ ಹಳೆಯದಾಗಿರಬಹುದು. ಮೊದಲು ಆ ನಂಬರಿಗೆ ಕರೆ ಮಾಡಿ, ಆಮೇಲೆ ಕಳಿಸಿ.

ಕೊನೆಯದಾಗಿ, ಮರಿ ಬೇಕು ಎಂದು ಯಾರಾದರೂ ಗ್ರೂಪಿನಲ್ಲಿ ಕೇಳಿದಾಗ ಹತ್ತಿರದ ಪ್ರಾಣಿ ಆಶ್ರಯಗಳಲ್ಲಿ ಮನೆಗಾಗಿ ಕಾಯುತ್ತಿರುವ ನಾಯಿಗಳ ಬಗ್ಗೆಯೂ ಹೇಳಿ. ಅವುಗಳಲ್ಲಿ ಬೀದಿ ನಾಯಿಗಳಷ್ಟೇ ಅಲ್ಲ, ಯಾರೋ ಒಮ್ಮೆ ಫೋಟೋ ನೋಡಿ, ದುಡ್ಡು ಕೊಟ್ಟು, ಹೆಸರಿಟ್ಟು ತಂದಿದ್ದ ಲ್ಯಾಬ್ರಡಾರ್‌ಗಳೂ ಇವೆ. ಕರೆದರೆ ಈಗಲೂ ಆ ಹೆಸರಿಗೆ ಕಿವಿ ನಿಮಿರಿಸುತ್ತವೆ.